ಒಂದೇ ಪೀಕ್ ಕಂಡರೆ ಒಂದೇ ಅಲೀಲ್ ಎಂದು ಬರೆಯಬಹುದೇ? ಎಸ್‌ಟಿಆರ್ ಪ್ರೈಮರ್ ವಿನ್ಯಾಸದ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ ಜಿಲ್ಲೆ

ಮಾನ್ಯರೇ,

ಮಳೆಗಾಲದಲ್ಲಿ ಮಲೆನಾಡಿನ ಮಣ್ಣಿನೊಳಗೆ ಉಳಿದುಹೋದ ರಕ್ತದ ಕಲೆಯಿಂದ ಎಷ್ಟು ವಾರಗಳವರೆಗೆ ವ್ಯಕ್ತಿಯನ್ನು ಭರವಸೆಯಿಂದ ಗುರುತಿಸಬಹುದು ಎಂಬುದು ನನ್ನ ಸಂಶೋಧನೆಯ ವಿಷಯ. ನೀತಿ ಸಮಿತಿಯ ಅನುಮತಿ ಮತ್ತು ಸ್ವಯಂಸೇವಕರ ಲಿಖಿತ ಒಪ್ಪಿಗೆ ಪಡೆದು, ಅವರ ರಕ್ತವನ್ನು ಹತ್ತಿ ಬಟ್ಟೆಯ ತುಂಡುಗಳ ಮೇಲೆ ಒಣಗಿಸಿ, ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿ ಗೇಣುದ್ದ ಆಳಕ್ಕೆ ಹೂತಿದ್ದೆ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ವಾರಕ್ಕೊಂದು ತುಂಡನ್ನು ತೆಗೆದು ಪರೀಕ್ಷಿಸಿದೆ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಎಸ್‌ಟಿಆರ್ (ಕೆಲವೇ ಬೇಸ್‌ಗಳ, ಅಂದರೆ ಡಿಎನ್‌ಎ ಅಕ್ಷರಗಳ, ಸಾಲು ಮತ್ತೆ ಮತ್ತೆ ಬರುವ ಭಾಗ) ಕಿಟ್‌ನಲ್ಲಿ ನಾಲ್ಕನೆಯ ವಾರದಿಂದಲೇ ಉದ್ದನೆಯ ಲೋಕಸ್‌ಗಳು (ಹಾಗೆ ಪರೀಕ್ಷಿಸುವ ಜಾಗಗಳು) ಒಂದೊಂದಾಗಿ ಕಾಣೆಯಾದವು. ಆದ್ದರಿಂದ ಪುನರಾವರ್ತನೆಯ ಭಾಗಕ್ಕೆ ಆದಷ್ಟು ಹತ್ತಿರ ಕೂರುವಂತೆ ಆರು ಲೋಕಸ್‌ಗಳಿಗೆ ನಾನೇ ಪ್ರೈಮರ್‌ಗಳನ್ನು (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನದಲ್ಲಿ ನಕಲು ಶುರುವಾಗುವ ಜಾಗಕ್ಕೆ ಅಂಟುವ ಚಿಕ್ಕ ತುಂಡುಗಳನ್ನು) ವಿನ್ಯಾಸ ಮಾಡಿದೆ: ಟಿಎಚ್01, ಟಿಪಿಒಎಕ್ಸ್, ಸಿಎಸ್‌ಎಫ್1ಪಿಒ, ಡಿ16ಎಸ್539, ಡಿ13ಎಸ್317 ಮತ್ತು ಡಿ7ಎಸ್820. ಪ್ರೈಮರ್3 ತಂತ್ರಾಂಶವನ್ನು ಬಳಸಿದ್ದೇನೆ. ಎಲ್ಲವೂ 20ರಿಂದ 24 ಬೇಸ್ ಉದ್ದವಿದ್ದು, ಕರಗುವ ಉಷ್ಣಾಂಶ 59ರಿಂದ 61 ಡಿಗ್ರಿಯೊಳಗೆ ಇದೆ, ಜಿ ಮತ್ತು ಸಿ ಬೇಸ್‌ಗಳ ಪ್ರಮಾಣ ಶೇ. 40ರಿಂದ 55ರಷ್ಟಿದೆ. ತನ್ನ ಮೇಲೆ ತಾನೇ ಮಡಚಿಕೊಳ್ಳುವ ಅಥವಾ ಒಂದಕ್ಕೊಂದು ಅಂಟಿಕೊಳ್ಳುವ ಜೋಡಿಗಳನ್ನು ಮೊದಲೇ ಕೈಬಿಟ್ಟಿದ್ದೇನೆ.

ಇಷ್ಟಾದರೂ ಫಲಿತಾಂಶ ನನಗೆ ಸಮಾಧಾನ ತಂದಿಲ್ಲ. ಐದನೆಯ ವಾರದ ನಂತರ ತೆಗೆದ ಡಿಎನ್‌ಎ ದ್ರಾವಣ ಕಷಾಯದಂತೆ ಕಂದಾಗಿರುತ್ತದೆ, ಅದರಲ್ಲಿ ಅತಿ ಚಿಕ್ಕ ಲೋಕಸ್ ಕೂಡ ಬರುವುದಿಲ್ಲ. ಡಿ7ಎಸ್820ರಲ್ಲಿ ಪೀಕ್‌ಗಳು (ಯಂತ್ರದ ಗ್ರಾಫ್‌ನಲ್ಲಿ ಕಾಣುವ ಏರುಗಳು) ಒಡೆದಂತೆ ಕಾಣುತ್ತವೆ. ಆದರೆ ನನ್ನ ನಿದ್ದೆಗೆಡಿಸಿರುವುದು ಮೂರನೆಯ ಸಂಗತಿ. ಹೋಲಿಕೆಗಾಗಿ ತಂದೆ, ತಾಯಿ, ಮಗ ಇರುವ ಕೆಲವು ಕುಟುಂಬಗಳ ಕೆನ್ನೆಯ ಒಳಭಾಗದ ಮಾದರಿಗಳನ್ನು ತೆಗೆದುಕೊಂಡಿದ್ದೆ. ಅವು ತಾಜಾ ಮಾದರಿಗಳು, ಮಣ್ಣಿನ ಸೋಂಕಿಲ್ಲ. ಒಂದು ಕುಟುಂಬದಲ್ಲಿ ಉಳಿದ ಐದೂ ಲೋಕಸ್‌ಗಳು ಹೊಂದಿಕೊಂಡರೂ ಡಿ16ಎಸ್539ರಲ್ಲಿ ತಂದೆಗೆ 11 ಮಾತ್ರ, ತಾಯಿಗೆ 9 ಮತ್ತು 12, ಮಗನಿಗೆ 9 ಮಾತ್ರ ಬಂದಿದೆ. ಈ ಅಂಕಿಗಳು ಅಲೀಲ್‌ಗಳು, ಅಂದರೆ ತಂದೆಯಿಂದ ಒಂದು, ತಾಯಿಯಿಂದ ಒಂದರಂತೆ ಬರುವ ಪ್ರತಿಗಳಲ್ಲಿನ ಪುನರಾವರ್ತನೆಯ ಎಣಿಕೆ. ಪಟ್ಟಿಯಲ್ಲಿ ತಂದೆಯನ್ನು 11,11 ಎಂದೂ ಮಗನನ್ನು 9,9 ಎಂದೂ ಬರೆದಿದ್ದೇನೆ. ಹಾಗೆ ಬರೆದ ಮೇಲೆ ಅವರಿಬ್ಬರೂ ತಂದೆ ಮಗ ಆಗಿರಲು ಸಾಧ್ಯವಿಲ್ಲ ಎಂಬ ಅರ್ಥ ಬರುತ್ತದೆ. ಪರೀಕ್ಷೆಯನ್ನು ಎರಡು ಸಲ ಮಾಡಿದರೂ ಇದೇ ಉತ್ತರ. ತಂದೆಯ 11ರ ಪೀಕ್ ಎತ್ತರ ಸುಮಾರು 1150 ಇದೆ, ಅದೇ ಓಟದಲ್ಲಿ ಅವರ ಟಿಎಚ್01ರ ಒಂಟಿ ಪೀಕ್ 2300ರ ಹತ್ತಿರ ಇದೆ. ಇದು ಉತ್ಪರಿವರ್ತನೆಯೇ, ಪ್ರೈಮರ್‌ನ ದೋಷವೇ, ಅಥವಾ ನಾನು ಬಾಯಿ ಬಿಟ್ಟು ಹೇಳಬಾರದ ಸಂಗತಿಯೇ? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ವಿಧಿವಿಜ್ಞಾನ ಪ್ರಯೋಗಾಲಯದಿಂದ ನಿವೃತ್ತನಾದವನು, ಹೊಸನಗರ ತಾಲ್ಲೂಕು

ಮೊದಲು ಒಂದು ಮಾತು. ಈ ಫಲಿತಾಂಶವನ್ನು ಆ ಕುಟುಂಬದವರಿಗಾಗಲಿ, ಸಹಪಾಠಿಗಳಿಗಾಗಲಿ ಈಗ ಹೇಳಬೇಡಿ. ನೀವು ಕೊಟ್ಟಿರುವ ಅಂಕಿಗಳಲ್ಲಿಯೇ ಉತ್ತರದ ಬಹುಭಾಗ ಅಡಗಿದೆ, ಮತ್ತು ಅದು ಆ ತಾಯಿಯ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಪೀಕ್‌ಗಳ ಎತ್ತರವನ್ನು ಮತ್ತೊಮ್ಮೆ ನೋಡಿ. ತಂದೆ ತಾಯಿ ಇಬ್ಬರಿಂದಲೂ ಒಂದೇ ಅಲೀಲ್ ಬಂದಿದ್ದರೆ ಆ ಒಂಟಿ ಪೀಕ್‌ನಲ್ಲಿ ಎರಡು ಪ್ರತಿಗಳ ಬೆಳಕು ಸೇರಿರುತ್ತದೆ. ಆದ್ದರಿಂದ ಅದು ಎರಡು ಅಲೀಲ್ ಇರುವ ಲೋಕಸ್‌ನ ಒಂದೊಂದು ಪೀಕ್‌ಗಿಂತ ಸುಮಾರು ಇಮ್ಮಡಿ ಎತ್ತರಕ್ಕೆ ಏರಬೇಕು. ನಿಮ್ಮ ಟಿಎಚ್01 ಹಾಗೆಯೇ ಏರಿದೆ. ಡಿ16ಎಸ್539ರ 11 ಅದರ ಅರ್ಧಕ್ಕೆ ನಿಂತಿದೆ. ಬೇರೆ ಬೇರೆ ಲೋಕಸ್‌ಗಳು ಬೇರೆ ಬೇರೆ ದಕ್ಷತೆಯಲ್ಲಿ ವರ್ಧಿಸುವುದರಿಂದ ಇದೊಂದೇ ಸಾಕ್ಷಿ ಸಾಲದು. ಅದೇ ಓಟದಲ್ಲಿ ಡಿ16ಎಸ್539ರಲ್ಲಿ ಎರಡು ಪೀಕ್ ಇರುವ ಬೇರೆಯವರ ಎತ್ತರವನ್ನು ಪಕ್ಕದಲ್ಲಿಟ್ಟು ನೋಡಿ. ಅವೂ 1100ರ ಆಸುಪಾಸಿನಲ್ಲಿದ್ದರೆ ತಂದೆಯಲ್ಲಿ ಇನ್ನೊಂದು ಅಲೀಲ್ ಇದೆ, ನಿಮ್ಮ ಪ್ರೈಮರ್ ಅದನ್ನು ಹಿಡಿಯುತ್ತಿಲ್ಲ ಎಂದು ಭಾವಿಸಲು ಗಟ್ಟಿಯಾದ ಕಾರಣ ಸಿಗುತ್ತದೆ. ಆ ಕಾಣದ ಅಲೀಲ್ ಮಗನಿಗೆ ಇಳಿದಿದ್ದರೆ, ತಾಯಿಯಿಂದ ಬಂದ 9 ಮಾತ್ರ ಅವನಲ್ಲಿ ಕಾಣಬೇಕು. ಕಂಡಿರುವುದೂ ಅದೇ. ಎಸ್‌ಟಿಆರ್ ಉತ್ಪರಿವರ್ತನೆ ಹೆಚ್ಚಾಗಿ ಒಂದು ಮೆಟ್ಟಿಲಿನದು (ಒಂದು ಪುನರಾವರ್ತನೆ ಹೆಚ್ಚು ಅಥವಾ ಕಡಿಮೆ), ಸಾವಿರ ಜನನಗಳಲ್ಲಿ ಒಂದೆರಡರಂತೆ ಘಟಿಸುವಂಥದ್ದು. ಇಲ್ಲಿ ತಂದೆಯ 11 ಮಗನಲ್ಲಿ 9 ಆಗಬೇಕಾದರೆ ಎರಡು ಮೆಟ್ಟಿಲು ಇಳಿಯಬೇಕು. ತಂದೆಯಲ್ಲಿ ಒಂದೇ ಪೀಕ್, ಮಗನಲ್ಲಿ ಬೇರೊಂದು ಒಂದೇ ಪೀಕ್ ಎಂಬ ಈ ಚಿತ್ರ ಮೌನ ಅಲೀಲ್‌ನ ಹೆಜ್ಜೆಗುರುತು.

ಹೀಗಾಗುವುದಕ್ಕೆ ಕಾರಣ ಪ್ರೈಮರ್ ಕೂರುವ ಜಾಗದಲ್ಲಿನ ಒಂದು ಬೇಸ್‌ನ ವ್ಯತ್ಯಾಸ. ಪ್ರೈಮರ್‌ನ 5′ (ಆರಂಭದ) ತುದಿಯ ಕಡೆ ಒಂದು ಬೇಸ್ ಹೊಂದದಿದ್ದರೆ, ಡಿಎನ್‌ಎ ನಕಲು ಮಾಡುವ ಕಿಣ್ವವಾದ ಟ್ಯಾಕ್ ಪಾಲಿಮರೇಸ್ ಅದನ್ನು ಸಹಿಸಿಕೊಳ್ಳುತ್ತದೆ. 3′ ತುದಿಯ ಕೊನೆಯ ನಾಲ್ಕೈದು ಬೇಸ್‌ಗಳಲ್ಲಿ ಹೊಂದಿಕೆ ತಪ್ಪಿದರೆ ಸಹಿಸುವುದಿಲ್ಲ, ಏಕೆಂದರೆ ಆ ಕಿಣ್ವ ಸರಪಳಿಯನ್ನು ಬೆಳೆಸಲು ತೊಡಗುವುದೇ ಅಲ್ಲಿಂದ. ತಪ್ಪಾದ ಬೇಸನ್ನು ಕಿತ್ತು ಸರಿಪಡಿಸುವ ಶಕ್ತಿಯೂ ಅದಕ್ಕಿಲ್ಲ. ಡಿ16ಎಸ್539ಕ್ಕೆ ಈ ಇತಿಹಾಸ ಹಳೆಯದು. ಪ್ರೈಮರ್ ಕೂರುವ ಜಾಗದಲ್ಲಿ ಒಂದು ಬೇಸ್ ಬದಲಾದವರಲ್ಲಿ ಅಲೀಲ್ ಕಾಣೆಯಾಗುತ್ತಿದ್ದುದರಿಂದ ಕಿಟ್ ತಯಾರಕರು ಈ ಲೋಕಸ್‌ನ ಪ್ರೈಮರ್‌ಗಳನ್ನು ಪರಿಷ್ಕರಿಸಬೇಕಾಯಿತು. ಡಿ8ಎಸ್1179ರಲ್ಲಿಯೂ ಗ್ವಾಮ್ ದ್ವೀಪದ ಚಮೊರೊ ಜನರಲ್ಲಿ ಮತ್ತು ಫಿಲಿಪಿನೊಗಳಲ್ಲಿ ಇದೇ ಬಗೆಯ ಬದಲಾವಣೆ ಕಂಡುಬಂದು, ಹೆಚ್ಚುವರಿ ಪ್ರೈಮರ್ ಸೇರಿಸಿದ ಮೇಲೆ ಕಳೆದುಹೋದ ಅಲೀಲ್ ಮರಳಿ ಸಿಕ್ಕಿತು.

ಈಗ ಮಾಡಬೇಕಾದದ್ದು ಇಷ್ಟು. ಪ್ರೈಮರ್ ಅಂಟುವ ಹಂತದ ಉಷ್ಣಾಂಶವನ್ನು 60ರಿಂದ 55 ಡಿಗ್ರಿಯವರೆಗೆ ಒಂದೊಂದೇ ಡಿಗ್ರಿ ಇಳಿಸಿ ತಂದೆ ಮಗ ಇಬ್ಬರ ಮಾದರಿಯನ್ನೂ ಓಡಿಸಿ. ಹೊಂದಿಕೆ ಒಂದೇ ಬೇಸ್‌ನಲ್ಲಿ ತಪ್ಪಿದ್ದರೆ ಚಿಕ್ಕದೊಂದು ಎರಡನೆಯ ಪೀಕ್ ತಲೆಯೆತ್ತಬಹುದು. ಅದೇ ಮಾದರಿಗಳನ್ನು ಬೇರೆ ಪ್ರೈಮರ್ ಇರುವ ಮಾರುಕಟ್ಟೆಯ ಕಿಟ್‌ನಲ್ಲಿಯೂ ಓಡಿಸಿ. ಎರಡರಲ್ಲಿಯೂ ಒಂದೇ ಅಲೀಲ್ ಕಂಡುಬಂದರೆ, ನಿಮ್ಮ ಪ್ರೈಮರ್‌ಗಳ ಹೊರಗಿನ ಜಾಗದಿಂದ ಹೊಸ ಜೋಡಿಯೊಂದನ್ನು ತರಿಸಿ ಆ ಭಾಗವನ್ನು ಸೀಕ್ವೆನ್ಸ್ ಮಾಡಿ.

ನಾನು ಕೆಲಸದಲ್ಲಿದ್ದಾಗ ನದಿಯ ನೆರೆಯಲ್ಲಿ ಸಿಕ್ಕ ಒಂದು ದೇಹದ ವಿಷಯದಲ್ಲಿ ಹೀಗೆಯೇ ಒಂದು ಲೋಕಸ್ ತಂದೆಯೊಂದಿಗೆ ಹೊಂದದೆ ವರದಿ ನಿಂತುಹೋಗಿತ್ತು. ಬೇರೊಂದು ಕಿಟ್ ತರಿಸಿ ಓಡಿಸುವವರೆಗೆ ಆ ಮನುಷ್ಯ ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕುಳಿತು ಹೋಗುತ್ತಿದ್ದರು. ಪ್ರೈಮರ್‌ನ ಒಂದು ಬೇಸ್ ಎಂದರೆ ಏನು ಎಂಬುದು ನನಗೆ ಪುಸ್ತಕಕ್ಕಿಂತ ಆ ಬೆಂಚಿನಿಂದ ಹೆಚ್ಚು ತಿಳಿಯಿತು.

ಉತ್ತರ 2: ಜೀವತಂತ್ರಜ್ಞಾನ ಅಧ್ಯಾಪಕಿ, ಸಾಗರ

ಹಿರಿಯರು ಮುಖ್ಯವಾದುದನ್ನು ಹೇಳಿದ್ದಾರೆ. ನಾನು ಮಣ್ಣಿನ ಭಾಗಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಡೆಯ ಮಾದರಿಗಳಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಲಕ್ಷಣ ತೋರಿಸುತ್ತವೆ.

ಮೊದಲನೆಯದು ಡಿಎನ್‌ಎ ಮುರಿಯುವುದು. ನಮ್ಮ ಜಂಬಿಟ್ಟಿಗೆಯ ಮಣ್ಣು ಹುಳಿ. ಹುಳಿಯಲ್ಲಿ ಮತ್ತು ಸದಾ ತೇವದಲ್ಲಿ ಎ ಮತ್ತು ಜಿ ಬೇಸ್‌ಗಳು ಸರಪಳಿಯಿಂದ ಕಳಚುತ್ತವೆ, ಕಳಚಿದ ಕಡೆ ಎಳೆ ತುಂಡಾಗುತ್ತದೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತ ಇದು ಎಷ್ಟು ಬೇಗ ನಡೆಯುತ್ತದೆ ಎಂದು ನೀವೇ ನೋಡಿದ್ದೀರಿ. ಸರಾಸರಿ 150 ಬೇಸ್‌ಗೊಂದರಂತೆ ಎಳೆ ಎಲ್ಲೆಂದರಲ್ಲಿ ಮುರಿದಿದೆ ಎಂದು ಇಟ್ಟುಕೊಳ್ಳಿ. ಆಗ 100 ಬೇಸ್ ಉದ್ದದ ಗುರಿ ಮುರಿಯದೆ ಉಳಿದಿರುವ ಸಂಭವ ನೂರಕ್ಕೆ 51, 300 ಬೇಸ್‌ನ ಗುರಿಗೆ ಸುಮಾರು 14, 400ಕ್ಕೆ 7 ಮಾತ್ರ. ಉದ್ದ ಹೆಚ್ಚಿದಂತೆ ಸಂಭವ ಘಾತೀಯವಾಗಿ ಕುಸಿಯುವುದರಿಂದಲೇ, ಹಳೆಯ ಕಿಟ್‌ಗಳಲ್ಲಿ 300 ಬೇಸ್‌ಗೂ ಮೀರಿದ್ದ ಸಿಎಸ್‌ಎಫ್1ಪಿಒ ಮೊದಲು ಬಿದ್ದುಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯಲ್ಲಿ ಜಾನ್ ಬಟ್ಲರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಮಿನಿ ಎಸ್‌ಟಿಆರ್ ಪ್ರೈಮರ್‌ಗಳಲ್ಲಿ ಟಿಎಚ್01ರ ಉತ್ಪನ್ನ 100 ಬೇಸ್‌ನೊಳಗೇ ಮುಗಿಯುತ್ತದೆ. ನೀವು ಹಿಡಿದಿರುವ ದಾರಿ ಸರಿಯಾದುದೇ.

ಎರಡನೆಯದು ಪಿಸಿಆರ್‌ಗೆ ಅಡ್ಡಿಯಾಗುವ ವಸ್ತುಗಳು. ಸೊಪ್ಪಿನ ಬೆಟ್ಟದಿಂದ ತಂದು ತೋಟಕ್ಕೆ ಹಾಕಿದ ಸೊಪ್ಪು ಕೊಳೆತು ಹ್ಯೂಮಿಕ್ ಆಮ್ಲವಾಗುತ್ತದೆ. ನಿಮ್ಮ ದ್ರಾವಣದ ಕಂದು ಬಣ್ಣಕ್ಕೆ ಕಾರಣ ಬಹುಮಟ್ಟಿಗೆ ಅದೇ. ಅಡಿಕೆಯ ಟ್ಯಾನಿನ್ ಕೂಡ ಅದೇ ಗುಂಪಿಗೆ ಸೇರಿದ್ದು, ಎಲೆಅಡಿಕೆ ಉಗುಳಿದ ಕಲೆಯನ್ನು ಪರೀಕ್ಷಿಸುವವರಿಗೂ ಇದೇ ತೊಂದರೆ ಎದುರಾಗುತ್ತದೆ. ಇವು ಟ್ಯಾಕ್ ಕಿಣ್ವವನ್ನು ಕಟ್ಟಿಹಾಕಿಬಿಡುತ್ತವೆ. ಪ್ರೈಮರನ್ನು ಎಷ್ಟು ಹತ್ತಿರಕ್ಕೆ ತಂದರೂ ಇದಕ್ಕೆ ಪರಿಹಾರವಿಲ್ಲ. ಆದ್ದರಿಂದ ಐದನೆಯ ವಾರದ ಮೌನಕ್ಕೆ ಪ್ರೈಮರನ್ನು ದೂರುವ ಮೊದಲು, ಪ್ರಮಾಣ ಅಳೆಯುವ ಹಂತದಲ್ಲಿಯೇ ಎರಡು ಉದ್ದದ ಗುರಿಗಳನ್ನೂ ಒಳಗಿನ ನಿಯಂತ್ರಣವನ್ನೂ (ಪ್ರತಿಕ್ರಿಯೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ಬೇಕೆಂದೇ ಸೇರಿಸುವ ಡಿಎನ್‌ಎ) ಇಟ್ಟು ನೋಡಿ. ಕ್ವಾಂಟಿಫೈಲರ್ ಟ್ರಯೋ ಎಂಬ ಕಿಟ್‌ನಲ್ಲಿ 80 ಬೇಸ್‌ನದೊಂದು, 214 ಬೇಸ್‌ನದೊಂದು ಗುರಿ ಇರುವುದು ಈ ಕಾರಣಕ್ಕೇ. ಚಿಕ್ಕದು ಬಂದು ದೊಡ್ಡದು ಕುಗ್ಗಿದರೆ ಎಳೆ ಮುರಿದಿದೆ. ಒಳಗಿನ ನಿಯಂತ್ರಣವೇ ತಡವಾಗಿ ಬಂದರೆ ಅಡ್ಡಿಯಿದೆ. ಅಡ್ಡಿಯಿದ್ದಾಗ ದ್ರಾವಣವನ್ನು ಹತ್ತು ಪಟ್ಟು ತೆಳುವಾಗಿಸಿ, ಅಡ್ಡಿಯ ವಸ್ತುಗಳನ್ನು ಹಿಡಿದಿಡುವ ಬಿಎಸ್‌ಎ ಪ್ರೋಟೀನ್ ಸೇರಿಸಿ, ಸಾಲದಿದ್ದರೆ ಸಿಲಿಕಾ ಕಾಲಂನಲ್ಲಿ ಇನ್ನೊಮ್ಮೆ ತೊಳೆಯಿರಿ.

ಡಿ7ಎಸ್820ನ್ನು ಕೈಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪುನರಾವರ್ತನೆಯ ಪಕ್ಕದಲ್ಲಿಯೇ ಟಿ ಬೇಸ್‌ಗಳ ಉದ್ದನೆಯ ಸಾಲಿರುವುದರಿಂದ ಆ ಕಡೆಯಿಂದ ಪ್ರೈಮರ್ ಹತ್ತಿರ ಬರಲು ಜಾಗವಿಲ್ಲ, ಮತ್ತು ಆ ಸಾಲಿನ ಉದ್ದವೂ ಜನರಿಂದ ಜನರಿಗೆ ಬದಲಾಗುತ್ತದೆ. ಆ ಜಾಗಕ್ಕೆ ಡಿ10ಎಸ್1248, ಡಿ2ಎಸ್441, ಡಿ22ಎಸ್1045 ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಇವನ್ನು ಚಿಕ್ಕ ಉತ್ಪನ್ನಕ್ಕೆಂದೇ ಆರಿಸಲಾಗಿತ್ತು. ಮೊದಲು ಯೂರೋಪಿನವರು ಒಪ್ಪಿಕೊಂಡರು, 2017ರಿಂದ ಅಮೆರಿಕದ ಅಪರಾಧ ತನಿಖೆಯ ಡಿಎನ್‌ಎ ಸಂಗ್ರಹದ 20 ಮೂಲ ಲೋಕಸ್‌ಗಳಲ್ಲಿಯೂ ಸೇರಿವೆ. ಒಡೆದ ಪೀಕ್‌ಗೆ ಇನ್ನೊಂದು ಕಾರಣವೂ ಇರಬಹುದು. ಟ್ಯಾಕ್ ಪ್ರತಿಯೊಂದು ಎಳೆಯ ಕೊನೆಗೆ ಒಂದು ಎ ಬೇಸನ್ನು ತಾನಾಗಿ ಸೇರಿಸುತ್ತದೆ, ಕೆಲವು ಎಳೆಗಳಿಗೆ ಸೇರಿಸಿ ಕೆಲವಕ್ಕೆ ಬಿಟ್ಟರೆ ಒಂದು ಬೇಸ್ ಅಂತರದಲ್ಲಿ ಎರಡು ಪೀಕ್ ಕಾಣುತ್ತವೆ. ಇದನ್ನು ತಪ್ಪಿಸಲು ಬಣ್ಣ ಹಾಕದ ಪ್ರೈಮರ್‌ನ 5′ ತುದಿಗೆ ಜಿಟಿಟಿಟಿಸಿಟಿಟಿ ಎಂಬ ಬಾಲ ಬೇಕು. ಅಂದರೆ ಜಿ, ಮೂರು ಟಿ, ಸಿ, ಎರಡು ಟಿ. ಆ ಏಳು ಬೇಸ್‌ಗಳ ಬಾಲ ಹಾಕಿ, 60 ಡಿಗ್ರಿಯ ಕೊನೆಯ ಹಂತವನ್ನು 45 ನಿಮಿಷಕ್ಕೆ ಹೆಚ್ಚಿಸಿ.

ಉತ್ತರ 3: ವಿಧಿವೈದ್ಯಶಾಸ್ತ್ರದ ವೈದ್ಯ

ಪ್ರೈಮರ್‌ಗೆ ಮುಂಚಿನ ಒಂದು ಮಾತನ್ನು ಚಿಕ್ಕದಾಗಿ ಸೇರಿಸುತ್ತೇನೆ. ಶರಾವತಿ ಹಿನ್ನೀರಿನಲ್ಲಿಯೋ ಕಾಡಿನಲ್ಲಿಯೋ ಸಿಕ್ಕ ದೇಹದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳುಹಿಸಿದರೆ ಡಿಎನ್‌ಎ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಎಂಥ ಚಿಕ್ಕ ಪ್ರೈಮರ್ ಇದ್ದರೂ ಕೆಲಸ ಕಷ್ಟವಾಗುತ್ತದೆ. ದವಡೆ ಹಲ್ಲು ಅಥವಾ ತೊಡೆಯ ಮೂಳೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು. ಆಷಾಢದ ಹವೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟದ್ದು ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಲಿಂಗ ಗುರುತಿನಲ್ಲಿಯೂ ಇದೇ ಎಚ್ಚರ ಬೇಕು. ಅಮೆಲೊಜೆನಿನ್ ಪರೀಕ್ಷೆಯಲ್ಲಿ ವೈ ಪೀಕ್ ಬರದಿದ್ದರೆ ಹೆಣ್ಣು ಎಂದು ಬರೆಯುವುದು ರೂಢಿ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದಂತೆ, ಅವರು ಪರೀಕ್ಷಿಸಿದ 270 ಭಾರತೀಯ ಗಂಡಸರಲ್ಲಿ 5 ಜನರಿಗೆ ಆ ಪೀಕ್ ಬಂದಿರಲಿಲ್ಲ. ವೈ ವರ್ಣತಂತುವಿನ ಇನ್ನೊಂದು ಗುರುತು ಜೊತೆಗಿರಲೇಬೇಕು.

ಮರುಪ್ರತಿಕ್ರಿಯೆ: ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಮಾನ್ಯರೇ, ಮೂವರಿಗೂ ಮನಃಪೂರ್ವಕ ವಂದನೆಗಳು. ಇಷ್ಟು ದಿನ ಉತ್ತರಿಸದಿದ್ದುದಕ್ಕೆ ಕ್ಷಮೆಯಿರಲಿ. ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿದ್ದುದರಿಂದ ಪ್ರೈಮರ್‌ಗಳನ್ನು ಮತ್ತೆ ಚಿಕ್ಕ ಚಿಕ್ಕ ಪಾಲು ಮಾಡಿ ಇಟ್ಟುಕೊಂಡು, ಎಲ್ಲವನ್ನೂ ಹೊಸದಾಗಿ ಓಡಿಸಿದೆ.

ಉಷ್ಣಾಂಶವನ್ನು 57 ಡಿಗ್ರಿಗೆ ಇಳಿಸಿದಾಗ ತಂದೆಯಲ್ಲಿ 13ರ ಜಾಗದಲ್ಲಿ ಚಿಕ್ಕ ಪೀಕ್ ಕಂಡಿತು. 55ಕ್ಕೆ ಇಳಿಸಿದಾಗ ಮಗನಲ್ಲಿಯೂ ಅದೇ 13 ಬಂದಿತು. ಮಾರುಕಟ್ಟೆಯ ಕಿಟ್‌ನಲ್ಲಿ ತಂದೆ 11,13, ಮಗ 9,13 ಎಂದು ಸಮನಾದ ಪೀಕ್‌ಗಳು ಬಂದಿವೆ. ಸೀಕ್ವೆನ್ಸ್ ಮಾಡಿಸಿದಾಗ ನನ್ನ ಪ್ರೈಮರ್‌ನ 3′ ತುದಿಯಿಂದ ಮೂರನೆಯ ಬೇಸ್‌ನ ಕೆಳಗೆ ಒಂದು ಬದಲಾವಣೆ ಇಬ್ಬರಲ್ಲಿಯೂ ಇದೆ. ಐದನೆಯ ವಾರದ ಮಾದರಿಯಲ್ಲಿ ಒಳಗಿನ ನಿಯಂತ್ರಣವೇ ತಡವಾಗಿತ್ತು. ತೆಳುವಾಗಿಸಿ ಬಿಎಸ್‌ಎ ಹಾಕಿದ ಮೇಲೆ ಟಿಎಚ್01 ಮತ್ತು ಟಿಪಿಒಎಕ್ಸ್ ಬಂದಿವೆ.

ಈಗ ಉಳಿದಿರುವ ಸಂದೇಹ ಇದು. 55 ಡಿಗ್ರಿಯಲ್ಲಿಯೇ ಎಲ್ಲವನ್ನೂ ಓಡಿಸಬಹುದೇ, ಅಥವಾ ಪ್ರೈಮರನ್ನು ಬೇರೆ ಜಾಗಕ್ಕೆ ಸರಿಸಬೇಕೇ? ವಿನ್ಯಾಸ ಮಾಡುವಾಗಲೇ ಇದನ್ನು ತಿಳಿಯಲು ಸಾಧ್ಯವಿತ್ತೇ?

ಉತ್ತರ 4: ವಿಧಿವಿಜ್ಞಾನ ಪ್ರಯೋಗಾಲಯದಿಂದ ನಿವೃತ್ತನಾದವನು

ಓದಿ ಮನಸ್ಸು ಹಗುರವಾಯಿತು. 55 ಡಿಗ್ರಿಯನ್ನು ಪತ್ತೆಗೆ ಮಾತ್ರ ಬಳಸಿ, ದಿನದ ಕೆಲಸಕ್ಕೆ ಬೇಡ. ಅಷ್ಟು ಇಳಿಸಿದರೆ ಪ್ರೈಮರ್ ಬೇಡದ ಕಡೆಯಲ್ಲೆಲ್ಲ ಅಂಟಿಕೊಳ್ಳುತ್ತದೆ. ಮಣ್ಣಿನ ಮಾದರಿಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯೇ ಹೆಚ್ಚಿರುವಾಗ ಅದು ಅಪಾಯ. ಜಾಗ ಸರಿಸುವುದಕ್ಕೆ ಹೊರಗೆ ಹೋದರೆ ಉದ್ದ ಹೆಚ್ಚುತ್ತದೆ, ಒಳಗೆ ಬಂದರೆ ಪುನರಾವರ್ತನೆಯ ಮೇಲೆಯೇ ಕೂರುತ್ತದೆ. ಆದ್ದರಿಂದ ಅದೇ ಜಾಗಕ್ಕೆ, ಬದಲಾದ ಬೇಸ್ ಇರುವ ಇನ್ನೊಂದು ಪ್ರೈಮರನ್ನು ತರಿಸಿ ಮಿಶ್ರಣಕ್ಕೆ ಸೇರಿಸಿ. ಉದ್ದ ಒಂದೇ ಆಗಿರುವುದರಿಂದ ಪೀಕ್ ಎಲ್ಲಿಯೂ ಸರಿಯುವುದಿಲ್ಲ. ಎರಡರ ಪ್ರಮಾಣವನ್ನು ತಂದೆಯ ಮಾದರಿಯಲ್ಲಿ 11 ಮತ್ತು 13 ಸಮ ಎತ್ತರಕ್ಕೆ ಬರುವವರೆಗೆ ಹೊಂದಿಸಿ. ಆಮೇಲೆ ಫಲಿತಾಂಶ ಮೊದಲೇ ಗೊತ್ತಿರುವ 9947ಎ ಎಂಬ ನಿಯಂತ್ರಣ ಡಿಎನ್‌ಎಯ ಮೇಲೂ, ದನ, ನಾಯಿ, ಮಂಗದ ಡಿಎನ್‌ಎಯ ಮೇಲೂ ಮತ್ತೆ ಪರೀಕ್ಷಿಸಿ.

ಮೊದಲೇ ತಿಳಿಯಬಹುದಿತ್ತೇ ಎಂದರೆ, ಸ್ವಲ್ಪ ಮಟ್ಟಿಗೆ ತಿಳಿಯಬಹುದಿತ್ತು. ಪ್ರೈಮರ್3 ಪ್ರೈಮರ್‌ನ ಗುಣ ನೋಡುತ್ತದೆ, ಜನರ ವೈವಿಧ್ಯವನ್ನು ತಾನಾಗಿ ನೋಡುವುದಿಲ್ಲ. ಆರಿಸಿದ ಪ್ರತಿಯೊಂದು ಪ್ರೈಮರ್‌ನ ಜಾಗವನ್ನು ಬೇಸ್‌ಗಳ ವ್ಯತ್ಯಾಸಗಳನ್ನು ದಾಖಲಿಸುವ ಡಿಬಿಎಸ್‌ಎನ್‌ಪಿ ಸಂಗ್ರಹದಲ್ಲಿ, ಹಾಗೆಯೇ 1029 ಭಾರತೀಯರ ಜೀನೋಮ್ ಇರುವ ಇಂಡಿಜೀನೋಮ್ಸ್ ಸಂಗ್ರಹದಲ್ಲಿ ಹುಡುಕಬೇಕು. 1000 ಜೀನೋಮ್ಸ್ ಯೋಜನೆಯಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು ಮತ್ತು ಶ್ರೀಲಂಕಾದ ತಮಿಳು. ಕನ್ನಡದವರ ಗುಂಪಿಲ್ಲ. ತಲೆಮಾರುಗಳಿಂದ ತಮ್ಮೊಳಗೇ ಸಂಬಂಧ ಬೆಳೆಸಿಕೊಂಡು ಬಂದ ಸಣ್ಣ ಸಮುದಾಯಗಳು ನಮ್ಮ ಘಟ್ಟದಲ್ಲಿ ಬಹಳ. ದೇಶದ ಮಟ್ಟದಲ್ಲಿ ಅಪರೂಪವಾದ ಬದಲಾವಣೆ ಅಂಥ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು. ಆದ್ದರಿಂದ ಸಂಗ್ರಹದಲ್ಲಿ ಹುಡುಕಿದ ಮೇಲೂ ಇಲ್ಲಿಯ ಜನರ ಮಾದರಿಗಳನ್ನು ನಿಮ್ಮ ಪ್ರೈಮರ್‌ನಲ್ಲಿಯೂ ಕಿಟ್‌ನಲ್ಲಿಯೂ ಓಡಿಸಿ ಹೋಲಿಸದೆ ವಿಧಿಯಿಲ್ಲ. ಹೋಲಿಸುವಾಗ ಡಿ13ಎಸ್317ರ ಮೇಲೆ ಕಣ್ಣಿಡಿ. ಕೆಲವರಲ್ಲಿ ಪುನರಾವರ್ತನೆಯ ಆಚೆ 24 ಬೇಸ್ ದೂರದಲ್ಲಿ ನಾಲ್ಕು ಬೇಸ್‌ಗಳು ಇಲ್ಲವಾಗಿರುತ್ತವೆ. ಕಿಟ್‌ನ ಪ್ರೈಮರ್ ಅದರಾಚೆ, ನಿಮ್ಮದು ಅದರೀಚೆ ಕೂತಿದ್ದರೆ ಕಿಟ್ 10 ಎಂದದ್ದನ್ನು ನಿಮ್ಮದು 11 ಎನ್ನುತ್ತದೆ.

ಕೊನೆಯದಾಗಿ ನಿಮ್ಮ ಪಟ್ಟಿಯ ಬಗ್ಗೆ. ಮುರಿದ ಮಾದರಿಯಲ್ಲಿ ಒಂದೇ ಪೀಕ್ ಕಂಡಾಗ 11,11 ಎಂದು ಎರಡು ಸಲ ಬರೆಯಬೇಡಿ, 11 ಎಂದು ಒಮ್ಮೆ ಬರೆದು ಎರಡನೆಯ ಅಂಕಣವನ್ನು ಖಾಲಿ ಬಿಡಿ. ಉದಾಹರಣೆಗೆ ಆ ಅಲೀಲ್‌ನ ಆವೃತ್ತಿ (ಜನರಲ್ಲಿ ಅದು ಕಂಡುಬರುವ ಪ್ರಮಾಣ) 0.25 ಎಂದಿಟ್ಟುಕೊಂಡರೆ, 11,11 ಎಂದಾಗ 16 ಜನರಲ್ಲಿ ಒಬ್ಬರು ಹೊಂದುತ್ತಾರೆ ಎಂದು ಲೆಕ್ಕ ಬರುತ್ತದೆ. ಇನ್ನೊಂದು ಅಲೀಲ್ ಯಾವುದೂ ಇರಬಹುದು ಎಂದು ಒಪ್ಪಿಕೊಂಡರೆ ಅದು ಇಬ್ಬರಲ್ಲಿ ಒಬ್ಬರವರೆಗೆ ಇಳಿಯುತ್ತದೆ. ನ್ಯಾಯಾಲಯದ ಮುಂದೆ ಆ ವ್ಯತ್ಯಾಸವನ್ನು ಹೊರುವವನು ಆರೋಪಿ.

ಮರುಪ್ರತಿಕ್ರಿಯೆ: ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ತಿಳಿಯಿತು ಸರ್. ಎರಡನೆಯ ಪ್ರೈಮರ್‌ಗೆ ಇಂದೇ ಆರ್ಡರ್ ಕೊಟ್ಟಿದ್ದೇನೆ. ಮಣ್ಣಿನ ಮಾದರಿಗಳ ಪಟ್ಟಿಯನ್ನು ಮೊದಲಿನಿಂದ ತೆರೆದು, ಎರಡು ಸಲ ಬರೆದ ಒಂಟಿ ಪೀಕ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಮೂರನೆಯ ವಾರದವರೆಗೆ ಬಂದಿದ್ದೇನೆ.